8 ಇಂಚಿನ ಮೇಲೆ ಚಿಕ್ಕ ಟೆಲಿಸ್ಕೋಪ್ ಕೂರಿಸಿದ ಮೇಲೆ ಟ್ಯೂಬ್ ನಿಲ್ಲುತ್ತಿಲ್ಲ, ತಲೆ ಕೆಟ್ಟಿದೆ

ದುರ್ಗದ_ರಾತ್ರಿ (ತುಮಕೂರು):
8 ಇಂಚಿನ ಶ್ಮಿಟ್-ಕ್ಯಾಸೆಗ್ರೇನ್ (ಕನ್ನಡಿಯ ಟೆಲಿಸ್ಕೋಪ್) ಬೆನ್ನ ಮೇಲೆ 80 ಎಂಎಂ ರಿಫ್ರ್ಯಾಕ್ಟರ್ (ಮಸೂರದ ಚಿಕ್ಕ ಟೆಲಿಸ್ಕೋಪ್) ಕೂರಿಸಿದ್ದೇನೆ. ದೊಡ್ಡದರ ಫೋಕಲ್ ಲೆಂತ್ 2032 ಎಂಎಂ, ನೋಟ ತೀರ ಕಿರಿದು, ಆಂಡ್ರೊಮಿಡಾ ಗ್ಯಾಲಕ್ಸಿ ಅದರಲ್ಲಿ ಹಿಡಿಯುವುದೇ ಇಲ್ಲ, ನಡುವಿನ ಮಬ್ಬು ಮಾತ್ರ ಕಾಣುತ್ತದೆ, ಅದಕ್ಕೇ ಈ ಚಿಕ್ಕದು. ಟ್ಯೂಬ್ ಅಡ್ಡ ಇದ್ದಾಗ ಕ್ಲಚ್ (ಟ್ಯೂಬನ್ನು ಬಿಗಿಹಿಡಿಯುವ ತಿರುಪು) ಸಡಿಲಿಸಿದರೂ ಅಲ್ಲಾಡುವುದಿಲ್ಲ. ಮೇಲಕ್ಕೆತ್ತಿದರೆ ಮುಗೀತು, ನೆತ್ತಿಯ ಕಡೆಗೆ ತಾನೇ ಜಾರಿಕೊಂಡು ಹೋಗುತ್ತದೆ. ಏನು ಮಾಡಲಿ?

ಕೆಜಿಎಫ್_ದುರ್ಬೀನು:
ಕೌಂಟರ್‌ವೇಟ್ (ಸರಿದೂಗಿಸುವ ತೂಕ) ಸಾಲದು, ಅಷ್ಟೇ. ಬಾರ್‌ನಲ್ಲಿ ಕೆಳಕ್ಕೆ ಇಳಿಸಿ, ಇಲ್ಲ ಇನ್ನೊಂದು ಹಾಕಿ. ನಮ್ಮ ಕಡೆ ಅಕ್ಷಾಂಶ ಬರೀ 13 ಡಿಗ್ರಿ, ಬಾರ್ ಕೆಳಗೆ ಬಂದಾಗ ತೂಕ ಟ್ರೈಪಾಡ್ ಕಾಲಿಗೆ ಬಡಿಯುತ್ತದೆ, ಹುಷಾರು.

ದುರ್ಗದ_ರಾತ್ರಿ:
ಯಾವ ಬಾರ್ ಸಾರ್? ನನ್ನದು ಫೋರ್ಕ್ ಮೌಂಟ್, ಟ್ಯೂಬನ್ನು ಪಕ್ಕದಿಂದ ಹಿಡಿಯುವಂಥದ್ದು, ತೂಕದ ಬಾರೇ ಇಲ್ಲ.

ಕೆಜಿಎಫ್_ದುರ್ಬೀನು:
ಮೊದಲೇ ಹೇಳಬಾರದಾ! ಆದರೂ ಬ್ಯಾಲೆನ್ಸ್ ಅಂದರೆ ಬ್ಯಾಲೆನ್ಸೇ. ಚಿಕ್ಕದನ್ನು ಹಿಂದೆ ಮುಂದೆ ಸರಿಸಿ.

ದುರ್ಗದ_ರಾತ್ರಿ:
ಸರಿಸಿದೆ. ಈಗ ಅಡ್ಡ ಇದ್ದಾಗಲೂ ವಾಲುತ್ತಿದೆ.

ಕೆಜಿಎಫ್_ದುರ್ಬೀನು:
ಹಾಗಾದರೆ ಇನ್ನೂ ಸ್ವಲ್ಪ ಸರಿಸಿ ನೋಡಿ.

ಬೆಟ್ಟದ_ತಪ್ಪಲು (ಚಿಕ್ಕಬಳ್ಳಾಪುರ):
ಎಷ್ಟು ಸರಿಸಿದರೂ ಆಗಲ್ಲ ಗುರು. ಫೋರ್ಕಿನ ಅಕ್ಷ, ಅಂದರೆ ಟ್ಯೂಬ್ ಮೇಲೆ ಕೆಳಗೆ ತಿರುಗುವ ಜಾಗ, ಟ್ಯೂಬಿನ ಪಕ್ಕದಲ್ಲಿದೆ. ಚಿಕ್ಕದರ ತೂಕ ಅದಕ್ಕಿಂತ ಮೇಲೆ ಕೂತಿದೆ. ಅಡ್ಡ ಇದ್ದಾಗ ಆ ತೂಕ ನೇರವಾಗಿ ಅಕ್ಷದ ಮೇಲೆ ಬೀಳುತ್ತದೆ, ಗೊತ್ತಾಗಲ್ಲ. ಟ್ಯೂಬ್ ಎತ್ತಿದಾಗ ಅದು ಹಿಂದಕ್ಕೆ ಹೋಗಿ ಕೆಳಕ್ಕೆ ಎಳೆಯುತ್ತದೆ. ಟ್ಯೂಬಿನ ಹೊಟ್ಟೆಯ ಕೆಳಗೆ ಒಂದು ರೈಲ್ ಹಾಕಿ, ಅದರಲ್ಲಿ ತೂಕ ಕಟ್ಟಿ. ಚಿಕ್ಕದು 3 ಕೆಜಿ, ಅಕ್ಷದಿಂದ 18 ಸೆಂಮೀ ಮೇಲೆ ಅಂದುಕೊಳ್ಳಿ, ಗುಣಿಸಿದರೆ 54. ಕೆಳಗಿನ ತೂಕ 13.5 ಸೆಂಮೀ ದೂರದಲ್ಲಿದ್ದರೆ 4 ಕೆಜಿ ಬೇಕು. ಅಂದರೆ ಫೋರ್ಕಿನ ಮೇಲೆ ಒಟ್ಟು 7 ಕೆಜಿ ಜಾಸ್ತಿ, ನನಗೆ ಅದು ಇಷ್ಟವಿಲ್ಲ. ಕ್ಲಚ್ ಮಾತ್ರ ಸುಮ್ನೆ ಬಿಗಿ ಮಾಡ್ತಾ ಹೋಗಬೇಡಿ, ಗೇರ್ ಹೋಗುತ್ತದೆ. ಅಂದಹಾಗೆ ಫೋರ್ಕಿಗೆ ಒಂಟಿ ತೋಳಾ, ಜೋಡಿ ತೋಳಾ?

ಅಂತರಗಂಗೆ_ತಾರಸಿ (ಕೋಲಾರ):
ಇಷ್ಟೆಲ್ಲ ಯಾಕೆ? ನಾನು ತಾರಸಿ ಮೇಲೆ ತಗಡಿನ ಶೆಡ್ ಕಟ್ಟಿಸಿದ್ದೇನೆ, ಚಾವಣಿ ಪೂರ್ತಿ ಪಕ್ಕಕ್ಕೆ ಸರಿಯುತ್ತದೆ. ಒಳಗೆ ಕಾಂಕ್ರೀಟ್ ಕಂಬ, ಅದರ ಮೇಲೆ ಜರ್ಮನ್ ಮೌಂಟ್ (ತೂಕದ ಬಾರ್ ಇರುವಂಥದ್ದು), ಎರಡು ಟೆಲಿಸ್ಕೋಪ್ ಅಕ್ಕಪಕ್ಕ. ಫೋರ್ಕ್ ಎಲ್ಲ ಮಕ್ಕಳಿಗೆ ಶನಿಯ ಬಳೆ ತೋರಿಸೋಕೆ ಸರಿ.

ಬೆಟ್ಟದ_ತಪ್ಪಲು:
ಕೋಲಾರ ಊರೊಳಗಿನ ಬೀದಿದೀಪದಲ್ಲಿ ಎರಡಿದ್ದರೇನು, ನಾಲ್ಕಿದ್ದರೇನು?

ಅಂತರಗಂಗೆ_ತಾರಸಿ:
ನಿಮ್ಮ ನಂದಿಬೆಟ್ಟದಿಂದ ಬೆಂಗಳೂರಿನ ಬೆಳಕು ಕಾಣಲ್ವಾ? ದಕ್ಷಿಣ ದಿಕ್ಕು ಪೂರ್ತಿ ಹಳದಿ.

ದುರ್ಗದ_ರಾತ್ರಿ:
ಜಗಳ ಆಮೇಲೆ ಆಡಿ. ಒಂಟಿ ತೋಳು. ರೈಲ್ ಸಿಗಲಿಲ್ಲ, ಎರಡು ಡಂಬೆಲ್ ಪ್ಲೇಟನ್ನು ಬೆಲ್ಟಿನಲ್ಲಿ ಹೊಟ್ಟೆಯ ಕೆಳಗೆ ಕಟ್ಟಿದೆ. ಜಾರುವುದು ನಿಂತಿದೆ. ಆದರೆ ಮೋಟಾರ್ ಗುರ್ ಅನ್ನುತ್ತಿದೆ, ಫೋಕಸ್ ಮುಟ್ಟಿದರೆ ಚಿತ್ರ ತುಂಬಾ ಹೊತ್ತು ನಡುಗುತ್ತದೆ.

ಬೆಟ್ಟದ_ತಪ್ಪಲು:
ಒಂಟಿ ತೋಳಿಗೆ ಅಷ್ಟು ಭಾರ ಬೇಡವೇ ಬೇಡ. 80 ಎಂಎಂ ಇಳಿಸಿ, ಬೇರೆ ಟ್ರೈಪಾಡ್ ಮೇಲಿಡಿ. ಮೇಲೆ ಕೂರಲೇಬೇಕು ಅಂದರೆ 60 ಎಂಎಂ ಹಾಕಿ. 1.5 ಕೆಜಿ, 16 ಸೆಂಮೀ ಎತ್ತರ ಆದರೆ ಕೆಳಗೆ ಅದೇ 13.5 ಸೆಂಮೀ ದೂರದಲ್ಲಿ 1.8 ಕೆಜಿ ಸಾಕು.

ಕೆಜಿಎಫ್_ದುರ್ಬೀನು:
ನಾನು ಹೇಳಿದ್ದೂ ಅದೇ ಅಲ್ವಾ, ಕೌಂಟರ್‌ವೇಟ್.

ದುರ್ಗದ_ರಾತ್ರಿ:
80 ಎಂಎಂ ಕೊಂಡು ತಿಂಗಳೂ ಆಗಿಲ್ಲ ಸಾರ್. ಯಾರ ಹತ್ತಿರವಾದರೂ 60 ಎಂಎಂ ಇದ್ದರೆ ಬದಲಾಯಿಸಿಕೊಳ್ಳುತ್ತೀರಾ?

ಮಧುಗಿರಿ_ಹೊಸಬ:
ಕೋಲಾರದವರೇ, ಶೆಡ್ಡಿನ ಚಾವಣಿಗೆ ಗೇಟಿನ ಚಕ್ರ ಹಾಕಿಸಿದಿರಾ, ಬೇರೆ ಏನಾದರೂನಾ? ಮಳೆ ನೀರು ಸಂದಿಯಲ್ಲಿ ಇಳಿಯಲ್ವಾ?