ಎಸ್‌ಡಿಎಂಸಿ ಸಭೆ: ನಡಾವಳಿ ಪುಸ್ತಕ ಮನೆಗೆ ಹೋಗಬೇಕೋ, ಪೋಷಕರು ಶಾಲೆಗೆ ಬರಬೇಕೋ?

ಬಯಲುಸೀಮೆ ಮೇಷ್ಟ್ರು
ಸರ್ಕಾರಿ ಶಾಲೆಯ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ತಿಂಗಳಿಗೊಮ್ಮೆ ಸೇರಬೇಕು. ಬಹಳ ಶಾಲೆಗಳಲ್ಲಿ ಬರುವವರು ಮೂರೋ ನಾಲ್ಕೋ ಜನ. ಮಿಕ್ಕವರ ಸಹಿಗೆ ನಡಾವಳಿ ಪುಸ್ತಕ ಹುಡುಗರ ಚೀಲದಲ್ಲಿ ಮನೆಮನೆ ಸುತ್ತುತ್ತದೆ. ಇದನ್ನು ನಿಲ್ಲಿಸುವುದು ಹೇಗೆ? ಲೆಕ್ಕಕ್ಕೆ ಸುಲಭವಾಗಲೆಂದು 86 ಮಕ್ಕಳ ಒಂದು ಹಿರಿಯ ಪ್ರಾಥಮಿಕ ಶಾಲೆ ಎಂದಿಟ್ಟುಕೊಳ್ಳಿ: 1ರಿಂದ 5ರವರೆಗೆ 58, 6 ಮತ್ತು 7ರಲ್ಲಿ 28. ಸಮಿತಿಯಲ್ಲಿ 18 ಪೋಷಕರು, ಅರ್ಧ ಮಹಿಳೆಯರು. ‘ಜಾಗೃತಿ ಮೂಡಿಸಬೇಕು’ ಅನ್ನುವಂಥ ಉತ್ತರ ಬೇಡ. ಮಾಡಿ ನೋಡುವಂಥದ್ದು ಹೇಳಿ.

ಕೃಷ್ಣೆಯ ದಂಡೆ
ಮುಂಜಾನೆ ಹನ್ನೊಂದಕ್ಕ ಸಭೆ ಇಟ್ರ ಯಾರ್ ಬರ್ತಾರ್ರಿ? 2025-26ರಾಗ ನರೇಗಾ ಕೂಲಿನೇ ದಿನಕ್ಕ 370 ರೂಪಾಯಿ. ಒಂದು ಸಹಿ ಹಾಕಾಕ ಅಷ್ಟು ಯಾರು ಕಳಕೊಂತಾರ? ಅಮಾವಾಸ್ಯೆ ದಿನ ಇಡ್ರಿ. ನಮ್ಮ ಕಡೆ ಅವತ್ತು ಎತ್ತು ಹೂಡಂಗಿಲ್ಲ, ಗಂಡಸರು ಊರಾಗ ಇರ್ತಾರ. ತಿಂಗಳಿಗೊಂದು ಅಮಾವಾಸ್ಯೆ, ತಿಂಗಳಿಗೊಂದು ಸಭೆ. ತಾರೀಖು ನೆನಪಿಸೂ ಕೆಲಸಾನೂ ಉಳೀತು.

ತಾಯಿ ಸದಸ್ಯೆ
ಗಂಡಸರು ಊರಲ್ಲಿರುತ್ತಾರೆ, ಸರಿ. ಹೆಂಗಸರು? ಅಮಾವಾಸ್ಯೆ ಅಂದರೆ ಮನೆ ಸಾರಿಸಿ, ತಲೆಗೆ ನೀರು ಹಾಕಿಕೊಂಡು, ಎಡೆ ಅಡುಗೆ ಮಾಡುವ ದಿನ. ಒಂಬತ್ತು ಮಂದಿ ಹೆಂಗಸರನ್ನು ಸಮಿತಿಗೆ ಹಾಕಿ, ಅವರಿಗೆ ಬಿಡುವೇ ಇಲ್ಲದ ಹೊತ್ತಿಗೆ ಕರೆದರೆ ಗಂಡ ಬಂದು ಅವರ ಕುರ್ಚಿಯಲ್ಲಿ ಕೂರುತ್ತಾನೆ. ಅದೇ ಆಗುತ್ತಿರುವುದು. ಅಮಾವಾಸ್ಯೆಯೇ ಆಗಲಿ, ಆದರೆ ಸಂಜೆ ನಾಲ್ಕೂವರೆಗೆ, ಶಾಲೆ ಬಿಟ್ಟ ಕೂಡಲೇ. ಮಕ್ಕಳನ್ನು ಕರೆದುಕೊಂಡು ಹೋಗಲು ಹೇಗೂ ಬರುತ್ತಾರೆ. ಮುಕ್ಕಾಲು ಗಂಟೆಯಲ್ಲಿ ಮುಗಿಯಬೇಕು. ಹಾಜರಿ ಕರೆಯುವಾಗ ಹೆಂಗಸಿನ ಹೆಸರಿಗೆ ಗಂಡಸು ‘ಹಾಜರ್’ ಅಂದರೆ ಬರೆದುಕೊಳ್ಳಬಾರದು. ಒಂದೆರಡು ಸಲ ಮುಖ ದಪ್ಪಗಾದೀತು, ಆಮೇಲೆ ಅವಳೇ ಬರುತ್ತಾಳೆ.

ಕ್ಲಸ್ಟರ್ ಕಣ್ಣು
ಹೊತ್ತು ಅರ್ಧ ಕಾರಣ ಮಾತ್ರ. ಬಂದವರಿಗೆ ಅಲ್ಲಿ ಕೆಲಸವಿದೆಯೇ? ಸಾಮಾನ್ಯವಾಗಿ ಸಿಗುವ ಅಜೆಂಡಾ ಹೀಗಿರುತ್ತದೆ: ‘1. ಹಿಂದಿನ ನಡಾವಳಿ. 2. ಶಾಲಾ ಅನುದಾನ. 3. ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು.’ ಇದನ್ನು ಓದಿ ಯಾವ ತಂದೆ ಹೊಲ ಬಿಟ್ಟು ಬಂದಾನು? ಬದಲಿಗೆ ಪ್ರತಿ ಸಾಲೂ ಒಂದು ಪ್ರಶ್ನೆಯಾಗಿರಲಿ. ‘ಬಂದಿರುವ 25,000ದಲ್ಲಿ ಶೌಚಾಲಯದ ಬಾಗಿಲು ಮೊದಲೋ, ನೀರಿನ ಮೋಟರು ಮೊದಲೋ?’ ಹೀಗೆ. ಒಂದು ಸಭೆಗೆ ಮೂರಕ್ಕಿಂತ ಹೆಚ್ಚು ಪ್ರಶ್ನೆ ಬೇಡ. ವಾರ ಮುಂಚೆ ಮಕ್ಕಳ ಕೈಲಿ ಚೀಟಿ, ಹಿಂದಿನ ಸಂಜೆ ಫೋನು.

ಲೆಕ್ಕದ ಪುಸ್ತಕ
ಅಂಕಿಯನ್ನು ಬಿಡಿಸಿ ಹೇಳುತ್ತೇನೆ, ಇದು ಗೊತ್ತಿಲ್ಲದೆ ಪೋಷಕರು ಬಾಯಿ ಬಿಡುವುದೇ ಇಲ್ಲ. ಸಮಗ್ರ ಶಿಕ್ಷಾ ಯೋಜನೆಯ ಶಾಲಾ ಅನುದಾನ ಮಕ್ಕಳ ಸಂಖ್ಯೆಯ ಮೇಲೆ ನಿಂತಿದೆ: 30ರವರೆಗೆ 10,000 ರೂಪಾಯಿ, 100ರವರೆಗೆ 25,000, 250ರವರೆಗೆ 50,000, 1000ದವರೆಗೆ 75,000, ಅದಕ್ಕೂ ಮೇಲೆ ಒಂದು ಲಕ್ಷ. ಮೇಷ್ಟ್ರು ಹೇಳಿದ 86 ಮಕ್ಕಳಿಗೆ 25,000. ಇದರಲ್ಲಿ ಶೇ 10, ಅಂದರೆ 2,500, ಸ್ವಚ್ಛತೆಗೇ ಹೋಗಬೇಕು. ಉಳಿದ 22,500ದಲ್ಲಿ ಕರೆಂಟು, ಕಾಗದ, ಸಣ್ಣ ರಿಪೇರಿ, ಕಲಿಕಾ ಸಾಮಗ್ರಿ ಎಲ್ಲ. ಗಮನಿಸಿ, 30ಕ್ಕೂ 31ಕ್ಕೂ ನಡುವೆ 15,000 ರೂಪಾಯಿ ಅಂತರವಿದೆ. ದಾಖಲಾತಿ ಅಂಚಿನಲ್ಲಿರುವ ಶಾಲೆಯಲ್ಲಿ ‘ಒಂದು ಮಗು ಖಾಸಗಿಗೆ ಹೋದರೆ ಏನಾಗುತ್ತೆ’ ಎಂದು ಕೇಳುವವರಿಗೆ ಇದೇ ಉತ್ತರ.

ಶೂ-ಸಾಕ್ಸಿನ ದುಡ್ಡು ಬೇರೆ. 1ರಿಂದ 5ಕ್ಕೆ ಮಗುವಿಗೆ 265, 6ರಿಂದ 8ಕ್ಕೆ 295. ಅದರಲ್ಲೇ ಒಂದು ಜೊತೆ ಕಪ್ಪು ಶೂ, ಎರಡು ಜೊತೆ ಬಿಳಿ ಸಾಕ್ಸ್. ನಮ್ಮ ಲೆಕ್ಕದ ಶಾಲೆಗೆ 15,370 ಮತ್ತು 8,260, ಒಟ್ಟು 23,630. ಕೊಳ್ಳಬೇಕಾದದ್ದು ಸಮಿತಿಯೇ. ಎಡವುವುದು ಅಳತೆಯಲ್ಲಿ. ತರಗತಿ ನೋಡಿ ಅಂದಾಜಿನ ಸೈಜು ಬರೆದರೆ ಆಗಸ್ಟಿನ ಹೊತ್ತಿಗೆ ಅರ್ಧ ಮಕ್ಕಳ ಶೂ ಮನೆ ಮೂಲೆಯಲ್ಲಿ. ಹಾಳೆಯ ಮೇಲೆ ಎರಡೂ ಪಾದ ಇಡಿಸಿ ಗೆರೆ ಎಳೆಯಿರಿ, ದೊಡ್ಡ ಪಾದದ ಉದ್ದ ಹಿಡಿಯಿರಿ, ಮುಂದೆ ಹೆಬ್ಬೆರಳ ಅಗಲದಷ್ಟು ಜಾಗ ಬಿಡಿ. ಇದನ್ನು ಸಮಿತಿಯ ಇಬ್ಬರು ತಾಯಂದಿರು ಒಂದು ಸಂಜೆ ಕೂತು ಮುಗಿಸಬಹುದು. ಮೂರು ಅಂಗಡಿಯ ದರಪಟ್ಟಿ ತರಿಸಿ, ಒಪ್ಪಿದ ಮಾದರಿಯ ಒಂದು ಜೊತೆಯನ್ನು ಸಹಿ ಹಾಕಿದ ಚೀಟಿ ಅಂಟಿಸಿ ಆಫೀಸಿನಲ್ಲಿಡಿ. ಸರಕು ಬಂದ ದಿನ ಅದರ ಪಕ್ಕ ಇಟ್ಟು ಅಟ್ಟೆ ಮಡಚಿ ನೋಡಿ. ತೋರಿಸಿದ್ದೊಂದು, ಕಳಿಸಿದ್ದೊಂದು ಆಗುವುದು ಇಲ್ಲೇ.

ಪಂಚಾಯ್ತಿ ಕಟ್ಟೆ
ಎಲ್ಲ ಚೆನ್ನಾಗಿದೆ. ಆದರೆ ಆ 18 ಜನ ಎಲ್ಲಿಂದ ಬಂದರು ಅನ್ನುವುದನ್ನು ಯಾರೂ ಎತ್ತುತ್ತಿಲ್ಲ. ಶಿಕ್ಷಣ ಸುಧಾರಣೆಗೆ ಸರ್ಕಾರ ನೇಮಿಸಿದ್ದ ರಾಜಾರಾಮಣ್ಣ ಕಾರ್ಯಪಡೆಯ ಶಿಫಾರಸಿನ ಮೇಲೆ 2001ರಲ್ಲಿ ಈ ಸಮಿತಿಗಳು ಬಂದಾಗಲೂ, 2006ರ ಮಾದರಿ ಬೈಲಾದಲ್ಲಿ ಗ್ರಾಮ ಪಂಚಾಯತಿಯ ವ್ಯಾಪ್ತಿಗೆ ತಂದಾಗಲೂ, ಆಮೇಲೆ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಮುಕ್ಕಾಲು ಭಾಗ ಪೋಷಕರೇ ಇರಬೇಕೆಂದಾಗಲೂ ಉದ್ದೇಶ ಒಂದೇ: ಪೋಷಕರು ಆರಿಸಬೇಕು. ನಡೆಯುವುದು? ಹಿಂದಿನ ರಾತ್ರಿ ಅರಳಿಕಟ್ಟೆಯಲ್ಲಿ ಪಟ್ಟಿ ತಯಾರು. ಬೆಳಿಗ್ಗೆ ಶಾಲೆಯಲ್ಲಿ ಓದಿ ಚಪ್ಪಾಳೆ. ಪಕ್ಷದ ಲೆಕ್ಕದಲ್ಲಿ ಬಂದವನು ಅಧ್ಯಕ್ಷನಾಗುವವರೆಗೆ ಬರುತ್ತಾನೆ, ಆಮೇಲೆ ಚೆಕ್ಕಿಗೆ ಸಹಿ ಬೇಕಾದಾಗ ನಾವೇ ಅವನ ಮನೆಗೆ ಹೋಗಬೇಕು.

ಬಯಲುಸೀಮೆ ಮೇಷ್ಟ್ರು
ಒಪ್ಪುವ ಮಾತೇ. ಆದರೆ ಕಟ್ಟೆ ಪಂಚಾಯಿತಿಗೆ ಮುಖ್ಯಶಿಕ್ಷಕರೂ ಹಿಂದಿನಿಂದ ತಲೆಯಾಡಿಸುತ್ತಾರೆ. ತಕರಾರಿಲ್ಲದ ಸಮಿತಿ ಅವರಿಗೂ ಹಾಯಾಗಿರುತ್ತದಲ್ಲ. ತಡೆಯುವುದಕ್ಕೆ ಒಂದೇ ದಾರಿ: ಇಡೀ ಊರಿನ ಸಭೆ ಕರೆಯುವ ಮುಂಚೆ ತರಗತಿವಾರು ಕೂರಿಸುವುದು. ಮೀಸಲಾತಿ ಸ್ಥಾನಗಳ ಪಟ್ಟಿಯನ್ನು ಎರಡು ವಾರ ಮೊದಲೇ ಶಾಲೆಯ ಗೋಡೆಗೆ ಅಂಟಿಸಿ. ಪ್ರತಿ ತರಗತಿಯ ಪೋಷಕರು ಆಯಾ ಕೋಣೆಯಲ್ಲಿ ಕೂತು ಇಬ್ಬರು ಮೂವರ ಹೆಸರು ಕೊಡಲಿ. ಆಮೇಲೆ ಒಟ್ಟು ಸಭೆಯಲ್ಲಿ ಸ್ಥಾನಕ್ಕೆ ಹೊಂದಿಸಿ ಕೈ ಎತ್ತಿಸುವುದು. ಏಳನೆಯ ತರಗತಿಯವರೇ ತುಂಬಿದರೆ ಮರು ವರ್ಷಕ್ಕೆ ಅವರ ಮಕ್ಕಳು ಶಾಲೆಯಲ್ಲೇ ಇರುವುದಿಲ್ಲ. ಒಂದು, ಎರಡು, ಮೂರನೆಯ ತರಗತಿಯವರು ಬೇಕು.

ಹೊಸ ಪೋಷಕ
ಖಾಸಗಿ ಶಾಲೆಯಲ್ಲೂ ಇದು ಇದೆಯಾ?

ಕ್ಲಸ್ಟರ್ ಕಣ್ಣು
ಅನುದಾನರಹಿತ ಶಾಲೆಗೆ 21ನೇ ಸೆಕ್ಷನ್ ಅನ್ವಯಿಸುವುದಿಲ್ಲ. ಅನುದಾನಿತ ಶಾಲೆಗಳಲ್ಲಿ ಸಮಿತಿ ಇದ್ದರೂ 2012ರ ತಿದ್ದುಪಡಿಯ ಮೇಲೆ ಸಲಹೆಗಷ್ಟೇ ಸೀಮಿತ. ಈ ಚರ್ಚೆ ಸರ್ಕಾರಿ ಶಾಲೆಯದು.

ತಾಯಿ ಸದಸ್ಯೆ
ಬಿಸಿಯೂಟದ ಮಾತು ಯಾರೂ ತೆಗೆಯಲಿಲ್ಲ! ಹೆಂಗಸರು ಲೆಕ್ಕ ಕೇಳಲು ಶುರು ಮಾಡುವುದೇ ಅಡುಗೆ ಕೋಣೆಯಿಂದ. ನಿಯಮದಂತೆ 1ರಿಂದ 5ರ ಮಗುವಿಗೆ ದಿನಕ್ಕೆ ಅಕ್ಕಿ 100 ಗ್ರಾಂ, ಬೇಳೆ 20, ತರಕಾರಿ 50, ಎಣ್ಣೆ 5. ದೊಡ್ಡ ಮಕ್ಕಳಿಗೆ 150, 30, 75, 7.5. ಮೇಷ್ಟ್ರ 86 ಮಕ್ಕಳೂ ಬಂದ ದಿನ ಕೂಡಿಸಿ ನೋಡಿ: ಅಕ್ಕಿ 10 ಕೆಜಿ, ಬೇಳೆ 2 ಕೆಜಿ, ತರಕಾರಿ 5 ಕೆಜಿ, ಎಣ್ಣೆ ಅರ್ಧ ಕೆಜಿ. ಹಾಲು ತಲಾ 150 ಮಿಲಿಗೆ 18 ಗ್ರಾಂ ಪುಡಿಯಂತೆ ಒಂದೂವರೆ ಕೆಜಿಗೆ ಚೂರು ಮೇಲೆ. ಈ ಐದು ಅಂಕಿಯನ್ನು ಅಡುಗೆ ಕೋಣೆಯ ಬಾಗಿಲ ಹಿಂದೆ ಬಣ್ಣದಲ್ಲಿ ಬರೆಸಿ. ದಿನಕ್ಕೊಬ್ಬ ತಾಯಿ ಬಂದು, ತಕ್ಕಡಿ ನೋಡಿ, ಮಕ್ಕಳಿಗೆ ಬಡಿಸುವ ಮೊದಲು ಉಂಡು, ರುಚಿ ಪುಸ್ತಕದಲ್ಲಿ ಬರೆಯಲಿ. ಬರೆಯಬೇಕಾದದ್ದು ‘ಚೆನ್ನಾಗಿದೆ’ ಅಂತಲ್ಲ. ‘ಹಾಜರಿ 79, ಬೇಳೆ ತೂಗಿದ್ದು 1 ಕೆಜಿ 800, ಸಾರು ನೀರು’ ಅಂತ.

ಕೃಷ್ಣೆಯ ದಂಡೆ
ಅಕ್ಕಾರ, ಅಡಗಿ ಮಾಡೋರೂ ಅದೇ ಊರಿನ ಹೆಣ್ಣಮಕ್ಕಳು. ಸಾಮಾನು ಕಮ್ಮಿ ಬಂದ್ರ ಬೈಗುಳ ಅವರಿಗೆ. ಬೇಳಿ ಕಮ್ಮಿ ಇದ್ರ ಮೊದಲ ದಾಸ್ತಾನು ವಹಿ ನೋಡ್ರಿ, ಆಮೇಲೆ ಅವರನ್ನ ಕೇಳ್ರಿ. ಮೊಟ್ಟಿದೂ ಹಂಗ. 2024ರ ಸೆಪ್ಟೆಂಬರ್‌ನಿಂದ ವಾರಕ್ಕ ಆರು ದಿನ ಆಗೇತಿ. ಒಂದಕ್ಕ ಆರು ರೂಪಾಯಿ ಲೆಕ್ಕ, ಪೇಟ್ಯಾಗ ರೇಟು ಏರಿದ್ರ ಹೆಡ್‌ಮಾಸ್ತರ್ ಕಿಸೆಯಿಂದ ಹೋಗ್ತೈತಿ. ಇಂಥದ್ದನ್ನ ಸಭೆಯಾಗ ಬಿಚ್ಚಿ ಹೇಳಿ ಠರಾವು ಮಾಡಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಕಳಿಸ್ಬೇಕು. ಮುಚ್ಚಿಟ್ರ ಮಾಸ್ತರ್ ಮ್ಯಾಲೆ ಸಂಶಯ.

ತಾಯಿ ಸದಸ್ಯೆ
ಒಪ್ಪಿದೆ, ಮೊದಲು ವಹಿ. ಯಾರ ಮಗುವಿಗೆ ಮೊಟ್ಟೆ, ಯಾರಿಗೆ ಬಾಳೆಹಣ್ಣು ಅನ್ನುವುದನ್ನೂ ಪೋಷಕರ ಸಹಿಯೊಂದಿಗೆ ವರ್ಷದ ಮೊದಲೇ ಬರೆಸಿಕೊಳ್ಳಿ. ಇಲ್ಲದಿದ್ದರೆ ಜಗಳ ಅಲ್ಲಿಂದಲೇ ಹೊತ್ತಿಕೊಳ್ಳುತ್ತದೆ.

ಪಂಚಾಯ್ತಿ ಕಟ್ಟೆ
ದುಡ್ಡಿಲ್ಲದೆ ಏನೂ ಆಗದು. ಪೋಷಕರು ತಿಂಗಳಿಗೆ ಇಷ್ಟು ಅಂತ ಕೊಟ್ಟರೆ ತಪ್ಪೇನು? ಕೊಟ್ಟವನು ಸಭೆಗೂ ಬರುತ್ತಾನೆ, ಲೆಕ್ಕವನ್ನೂ ಕೇಳುತ್ತಾನೆ.

ಲೆಕ್ಕದ ಪುಸ್ತಕ
ತಪ್ಪು ಇದೆ. 2022ರ ಅಕ್ಟೋಬರ್‌ನಲ್ಲಿ ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದೆಂದು ಇಲಾಖೆಯ ಸುತ್ತೋಲೆ ಬಂತು, ವಿರೋಧವೆದ್ದು ಕೆಲವೇ ದಿನದಲ್ಲಿ ವಾಪಸಾಯಿತು. ‘ಸ್ವಇಚ್ಛೆ’ ಅನ್ನುವುದು ಕಾಗದದ ಮೇಲೆ. ಕೊಡದವನ ಮಗುವಿನ ಹೆಸರು ತರಗತಿಯಲ್ಲಿ ಓದಿದ ಕ್ಷಣ ಅದು ಶುಲ್ಕವಾಯಿತು. ನಿಮ್ಮ ಇನ್ನೊಂದು ಮಾತೂ ಉಲ್ಟಾ: ಕೊಡಲಾಗದವನು ಮೊದಲು ಸಭೆ ಬಿಡುತ್ತಾನೆ, ಆಮೇಲೆ ಶಾಲೆಯ ಗೇಟಿನ ಹತ್ತಿರವೂ ಸುಳಿಯುವುದಿಲ್ಲ.

ಪಂಚಾಯ್ತಿ ಕಟ್ಟೆ
ಹಾಗಾದರೆ ಊರಿನ ದಾನಿಗಳು, ಹಳೆಯ ವಿದ್ಯಾರ್ಥಿಗಳು?

ಲೆಕ್ಕದ ಪುಸ್ತಕ
ತೆಗೆದುಕೊಳ್ಳಿ. ನಗದಾದರೆ ರಸೀದಿ ಕೊಟ್ಟು ಸಮಿತಿಯ ಖಾತೆಗೆ ಜಮೆ, ವಸ್ತುವಾದರೆ ಬಂದ ದಿನವೇ ದಾಸ್ತಾನು ವಹಿಯಲ್ಲಿ ನಮೂದು. ಫ್ಯಾನಿನ ಮೇಲೆ ದಾನಿಯ ಹೆಸರು ಬರೆಸುವ ಉತ್ಸಾಹ ವಹಿಯಲ್ಲಿ ಬರೆಯುವಾಗ ಇರುವುದಿಲ್ಲ. ಕಾಂಪೌಂಡು, ಆಟದ ಮೈದಾನದಂಥದ್ದಕ್ಕೆ ಪೋಷಕರ ಜೇಬು ನೋಡಬೇಡಿ. ಸಮಿತಿಯಲ್ಲಿ ಠರಾವು ಮಾಡಿ ಪಂಚಾಯಿತಿಯ ಕ್ರಿಯಾಯೋಜನೆಗೆ ಸೇರಿಸಿ, ನೀವೇ ಅಲ್ಲಿನ ಸದಸ್ಯರಲ್ಲವೇ?

ಬಯಲುಸೀಮೆ ಮೇಷ್ಟ್ರು
ಪಂಚಾಯಿತಿಗೆ ಕೊಡುವ ಅರ್ಜಿ ಯಾಕೆ ಬೀಳುತ್ತದೆ ಅಂದರೆ ಶಾಲಾಭಿವೃದ್ಧಿ ಯೋಜನೆ ಬರೆದಿರುವುದಿಲ್ಲ. ಕಾಯ್ದೆಯ 22ನೇ ಸೆಕ್ಷನ್ ಕೇಳುವುದೇ ಅದನ್ನು. ಮೂರು ವರ್ಷದ ಯೋಜನೆ, ವರ್ಷವಾರು ಭಾಗ ಮಾಡಿ: ತರಗತಿವಾರು ಎಷ್ಟು ಮಕ್ಕಳು ಬರಬಹುದು, ಎಷ್ಟು ಶಿಕ್ಷಕರು ಬೇಕು, ಯಾವ ಕೋಣೆ ಸೋರುತ್ತದೆ, ಎಷ್ಟು ಖರ್ಚು. ಡಿಸೆಂಬರ್ ಒಳಗೆ ಮುಗಿಸಿದರೆ ಮುಂದಿನ ಆರ್ಥಿಕ ವರ್ಷಕ್ಕೆ ಸಿಗುತ್ತದೆ. ಮಾರ್ಚಿನಲ್ಲಿ ಹಿಂದಿನ ವರ್ಷದ್ದನ್ನೇ ನಕಲು ಮಾಡಿ ಕಳಿಸುವುದು ಎಲ್ಲರಿಗೂ ಗೊತ್ತಿರುವ ಗುಟ್ಟು.

ಕ್ಲಸ್ಟರ್ ಕಣ್ಣು
ಇಷ್ಟೆಲ್ಲ ಶೂ, ಬೇಳೆ, ಕಾಂಪೌಂಡು. ಮಗು ಓದುತ್ತಿದೆಯೇ ಅಂತ ಸಮಿತಿಯಲ್ಲಿ ಕೇಳುವುದು ಯಾವಾಗ? ಎಫ್‌ಎ, ಎಸ್‌ಎ ಪರೀಕ್ಷೆಗಳ ಅಂಕಪಟ್ಟಿ ಸಭೆಯಲ್ಲಿ ಓದಿ ಹೇಳುವುದು ಕೆಟ್ಟ ಪದ್ಧತಿ. ಕಡಿಮೆ ಬಂದ ಮಗುವಿನ ತಾಯಿ ಮುಂದಿನ ಸಲ ಬರುವುದಿಲ್ಲ. ಚಟುವಟಿಕೆಯ ಮೂಲಕ ಕಲಿಸುವ 1ರಿಂದ 3ರ ನಲಿ-ಕಲಿ ತರಗತಿಗಳಲ್ಲಾದರೆ ಪೋಷಕರನ್ನು ಮಕ್ಕಳ ಕಲಿಕೆ ತೋರಿಸುವ ‘ಪ್ರಗತಿ ನೋಟ’ ಪಟ್ಟಿಯ ಮುಂದೆ ಒಬ್ಬೊಬ್ಬರಾಗಿ ನಿಲ್ಲಿಸಿ, ನಿಮ್ಮ ಮಗು ಕಲಿಕೆಯ ಯಾವ ಮೈಲಿಗಲ್ಲಿನಲ್ಲಿದೆ ಎಂದು ತೋರಿಸಿ. ಓದು ಬಾರದ ತಂದೆತಾಯಿಗೆ ಅಂಕಿಗಿಂತ ಮಗುವೇ ಪಾಠದ ನಾಲ್ಕು ಸಾಲು ಓದಿ ತೋರಿಸಿದರೆ ಸಾಕು, ತಡವರಿಕೆ ಎಲ್ಲಿದೆ ಅಂತ ಕಿವಿಗೇ ತಿಳಿಯುತ್ತದೆ. ಒಬ್ಬರಿಗೆ ಐದು ನಿಮಿಷ. ಸಮಿತಿಯ ಮುಂದೆ ಇಡಬೇಕಾದದ್ದು ಹೆಸರಿಲ್ಲದ ಲೆಕ್ಕ ಮಾತ್ರ: ಮೂರನೆಯ ತರಗತಿಯಲ್ಲಿ ಎಷ್ಟು ಮಕ್ಕಳಿಗೆ ದಶಕ ಎರವಲಿನ ಕಳೆಯುವ ಲೆಕ್ಕ ಬರುವುದಿಲ್ಲ, ಯಾಕೆ.

ಹೊಸ ಪೋಷಕ
ಇದನ್ನೆಲ್ಲ ವಾಟ್ಸ್ಆಪ್ ಗ್ರೂಪಿನಲ್ಲೇ ಮಾಡಬಹುದಲ್ಲ?

ತಾಯಿ ಸದಸ್ಯೆ
ಫೋನು ಗಂಡನ ಜೇಬಿನಲ್ಲಿ. ಸೂಚನೆಗೆ ಸರಿ, ತೀರ್ಮಾನಕ್ಕೆ ಬೇಡ.

ಲೆಕ್ಕದ ಪುಸ್ತಕ
ಮೇಷ್ಟ್ರ ಮೂಲ ಪ್ರಶ್ನೆಗೆ. ಪುಸ್ತಕ ಮನೆಗೆ ಹೋಗುವುದು ಸಭೆಯ ನಂತರ ಬರೆಯುತ್ತೇವಾದ್ದರಿಂದ. ಸಭೆಯಲ್ಲೇ ಬರೆಯಿರಿ. ಪ್ರತಿ ನಿರ್ಣಯಕ್ಕೆ ನಾಲ್ಕು ಸಂಗತಿ: ಏನು, ಎಷ್ಟು ರೂಪಾಯಿಯೊಳಗೆ, ಯಾರು ಮಾಡುತ್ತಾರೆ, ಯಾವ ತಾರೀಖಿನೊಳಗೆ. ಎದ್ದು ಹೋಗುವ ಮುಂಚೆ ಗಟ್ಟಿಯಾಗಿ ಓದಿ. ಕೊನೆಯ ಸಾಲಿನ ಕೆಳಗೆ ಅಡ್ಡಗೆರೆ, ಗೆರೆಗೆ ತಾಗಿದಂತೆ ಸಹಿ ಅಥವಾ ಹೆಬ್ಬೆಟ್ಟು. ಖಾಲಿ ಜಾಗ ಬಿಟ್ಟರೆ ಆಮೇಲೆ ಏನು ಬೇಕಾದರೂ ಸೇರುತ್ತದೆ. ಬಾರದವರ ಹೆಸರಿನ ಮುಂದೆ ‘ಗೈರು’ ಎಂದೇ ಇರಲಿ. ಕೋರಂ (ಸಭೆಗೆ ಬೇಕಾದ ಕನಿಷ್ಠ ಹಾಜರಿ) ಆಗದಿದ್ದರೆ ‘ಸಭೆ ಮುಂದೂಡಲಾಗಿದೆ’ ಎಂದು ಬರೆದು ಮುಂದಿನ ತಾರೀಖು ಹಾಕಿ.

ಬಯಲುಸೀಮೆ ಮೇಷ್ಟ್ರು
ಮುಂದೂಡಿದ್ದನ್ನು ನೋಡಿದರೆ ಮೇಲಿನವರು ನೋಟಿಸು ಕೊಡುತ್ತಾರೆ ಅನ್ನುವ ಭಯಕ್ಕೇ ಮುಖ್ಯಶಿಕ್ಷಕರು ಪುಸ್ತಕ ಕಳಿಸುವುದು.

ಕ್ಲಸ್ಟರ್ ಕಣ್ಣು
ಭೇಟಿಗೆ ಬಂದವರು ಎಣಿಸುವುದು ಸಹಿಗಳನ್ನೇ, ಆ ಮಾತು ಸುಳ್ಳಲ್ಲ. ಅದಕ್ಕೆ ಕರೆದ ಚೀಟಿಯ ಪ್ರತಿ ಮತ್ತು ಫೋನು ಮಾಡಿದವರ ಪಟ್ಟಿಯನ್ನು ಅದೇ ಪುಟಕ್ಕೆ ಅಂಟಿಸಿಡಿ. ಕರೆದದ್ದಕ್ಕೆ ದಾಖಲೆಯಿದ್ದರೆ ನೋಟಿಸಿಗೆ ಉತ್ತರ ಕೊಡಬಹುದು. 18 ಸಹಿಯಲ್ಲಿ ಹತ್ತು ಒಂದೇ ಪೆನ್ನಿನ, ಒಂದೇ ಕೈಯ ಬರಹವಾಗಿದ್ದರೆ ಆಡಿಟ್ಟಿನವರಿಗೆ ಏನು ಹೇಳುತ್ತಾರೆ?