ಬಳಸಿದ ಏಳು ಆಸನಗಳ ಕಾರು: ಮರಾಜೊ ಕೊಳ್ಳುವುದೇ, ಎರ್ಟಿಗಾ ಕೊಳ್ಳುವುದೇ?

ಪ್ರಶ್ನೆ:
ಹುಬ್ಬಳ್ಳಿಯಲ್ಲಿರುವ ನಮ್ಮದು ವಯಸ್ಸಾದ ತಂದೆತಾಯಿ, ಇಬ್ಬರು ಚಿಕ್ಕ ಮಕ್ಕಳು ಸೇರಿ ಆರು ಜನರ ಕುಟುಂಬ. 2019ರ ಮಹೀಂದ್ರಾ ಮರಾಜೊ ಹಾಗೂ ಅದೇ ವರ್ಷದ ಮಾರುತಿ ಎರ್ಟಿಗಾ ಹೆಚ್ಚುಕಡಿಮೆ ಒಂದೇ ಬೆಲೆಗೆ ಸಿಗುತ್ತಿವೆ. ಮೊದಲನೆಯದು ಗಟ್ಟಿ, ಎರಡನೆಯದು ಕೈಕೊಡುವುದಿಲ್ಲ ಎನ್ನುತ್ತಾರೆ. ಯಾವುದನ್ನು ಆರಿಸಲಿ?

ಉತ್ತರ 1:
ಕಾರುಗಳನ್ನು ಡಿಕ್ಕಿ ಹೊಡೆಸಿ ನೋಡಿ ಸುರಕ್ಷತೆಗೆ ಐದರವರೆಗೆ ನಕ್ಷತ್ರ ಕೊಡುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ 2018ರ ಪರೀಕ್ಷೆಯಲ್ಲಿ ಮರಾಜೊ ವಯಸ್ಕರ ರಕ್ಷಣೆಗೆ 4 ನಕ್ಷತ್ರ ಪಡೆದರೂ ಮಕ್ಕಳ ರಕ್ಷಣೆಗೆ ಅದಕ್ಕೆ ಸಿಕ್ಕಿದ್ದು 2 ಮಾತ್ರ. 2019ರಲ್ಲಿ ಎರ್ಟಿಗಾ ಎರಡರಲ್ಲೂ 3 ಪಡೆಯಿತು, ಆದರೆ ಅದರ ಕವಚ (ಕಾರಿನ ಮೈಕಟ್ಟು) ಡಿಕ್ಕಿಯಲ್ಲಿ ಅಸ್ಥಿರವೆಂದು ದಾಖಲಾಯಿತು. ಆದ್ದರಿಂದ ‘ಗಟ್ಟಿ’ ಎಂಬ ಒಂದೇ ಮಾತಿನಿಂದ ತೀರ್ಮಾನಿಸಬೇಡಿ.

ಉತ್ತರ 2:
ನನ್ನ ಮತ ಎರ್ಟಿಗಾಕ್ಕೆ. ಬಿಡಿಭಾಗ ಸಣ್ಣ ಊರಿನಲ್ಲೂ ಸಿಗುತ್ತದೆ; ಕಡಿಮೆ ಮಾರಾಟವಾದ ಮರಾಜೊಗೆ ಕಾಯಬೇಕಾಗಬಹುದು.

ಉತ್ತರ 3:
ಯಾವುದೇ ಆಗಲಿ, ಅಪಘಾತವಾಗಿ ರಿಪೇರಿಯಾದ ಕಾರಿಗೆ ಆ ನಕ್ಷತ್ರಗಳು ಅನ್ವಯಿಸುವುದಿಲ್ಲ. ಕೀಲಿ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಹೊತ್ತಿ ಆರುತ್ತದೆಯೇ, ಬಾಗಿಲ ಚೌಕಟ್ಟಿನ ವೆಲ್ಡಿಂಗ್ ಕಂಪನಿಯದೇ, ಸರ್ವಿಸ್ ದಾಖಲೆಯ ಕಿಲೋಮೀಟರ್ ಸರಿಹೊಂದುತ್ತದೆಯೇ ಎಂದು ನಂಬಿಕಸ್ಥ ಮೆಕ್ಯಾನಿಕ್‌ನಿಂದ ಪರೀಕ್ಷೆ ಮಾಡಿಸಿ. ಮಕ್ಕಳನ್ನು ಎರಡನೆಯ ಸಾಲಿನ ಐಸೊಫಿಕ್ಸ್ ಕೊಂಡಿಗೆ (ಮಕ್ಕಳ ಆಸನ ಬಿಗಿಯಲು ಕಾರಿನಲ್ಲೇ ಇರುವ ಕೊಂಡಿ) ಜೋಡಿಸಿದ ಮಕ್ಕಳ ಆಸನದಲ್ಲೇ ಕೂರಿಸಿ, ದಯವಿಟ್ಟು.