ಸಹಾಯ ಬೇಕು: ಬಿಬಿಸಿ ಮೈಕ್ರೋಗೆ ಮೋಡೆಮ್ ಸಂಪರ್ಕ ನಿಲ್ಲುತ್ತಿಲ್ಲ

ಗೆಳೆಯರೇ, ನಾನು ಗಂಗಾವತಿಯವನು. 1984ರಲ್ಲಿ ಆರಂಭವಾದ ಕ್ಲಾಸ್ ಎಂಬ ಕಂಪ್ಯೂಟರ್ ಕಲಿಕೆಯ ಯೋಜನೆಯಡಿ ಶಾಲೆಗಳಿಗೆ ಕೊಡುತ್ತಿದ್ದರಲ್ಲ, ಅಂಥದೇ ಹಳೆಯ ಬಿಬಿಸಿ ಮೈಕ್ರೋ ಕಂಪ್ಯೂಟರ್ ನನ್ನ ಬಳಿ ಇದೆ. ಅದರ ಆರ್‌ಎಸ್423 ಪೋರ್ಟ್‌ಗೆ (ಸೀರಿಯಲ್ ಪೋರ್ಟ್) ಹಳೆಯ 2400 ಬಾಡ್ ವೇಗದ ಮೋಡೆಮ್ (ಫೋನ್ ಲೈನಿನಲ್ಲಿ ಡೇಟಾ ಕಳಿಸುವ ಸಾಧನ) ಜೋಡಿಸಿದ್ದೇನೆ. ‘ಎಟಿ’ ಎಂಬ ಆದೇಶ ಕೊಟ್ಟರೆ ಮೋಡೆಮ್ ‘ಓಕೆ’ ಎನ್ನುತ್ತದೆ. ಅಲ್ಲಿಗೆ ಕೇಬಲ್ ಸರಿಯಿದೆ. ಹೊರದೇಶದ, ಫೋನ್ ಮೂಲಕ ಸೇರುವ ಚರ್ಚಾತಾಣವಾದ ಬುಲೆಟಿನ್ ಬೋರ್ಡ್‌ಗೆ ಡಯಲ್ ಮಾಡಿದರೆ ಆ ಕಡೆಯ ಕೀರಲು ದನಿ ಕೇಳಿಸುತ್ತದೆ, ಆಮೇಲೆ ‘ನೋ ಕ್ಯಾರಿಯರ್’ (ಸಂಪರ್ಕವಿಲ್ಲ) ಎಂದು ಬರುತ್ತದೆ. ವೇಗವನ್ನು 1200ಕ್ಕೆ, 300ಕ್ಕೆ ಇಳಿಸಿದರೂ ಅದೇ ಕಥೆ. (ಐಎಸ್‌ಡಿ ಬಿಲ್ಲಿನ ವಿಷಯ ಮನೆಯಲ್ಲಿ ಇನ್ನೂ ಹೇಳಿಲ್ಲ.)

ನಮ್ಮ ಫೋನ್ ಈಗ ತಾಮ್ರದ ತಂತಿಯದಲ್ಲ, ಫೈಬರ್‌ನದು. ಅದರಲ್ಲಿ ದನಿ ಡಿಜಿಟಲ್ ಆಗಿ ಹೋಗುತ್ತದೆ. ಅದನ್ನು ಜಿ.729 ಎಂಬ ವಿಧಾನದಲ್ಲಿ ಹಿಂಡಿದರೆ ಮೋಡೆಮ್ ಸಂಕೇತ ಕೆಡುತ್ತದೆ, ಅಷ್ಟು ಹಿಂಡದ ಜಿ.711 ವಿಧಾನ ಆದರೆ ಉಳಿಯುವ ಸಾಧ್ಯತೆಯಿದೆ. ಗ್ರಾಹಕ ಸೇವೆಯವರಿಗೆ ಕೇಳಿದರೆ ರೂಟರ್ ಆರಿಸಿ ಹಚ್ಚಿ ಎನ್ನುತ್ತಾರೆ.

ಫೈಬರ್ ಪೆಟ್ಟಿಗೆಯಲ್ಲಿ ಜಿ.711 ಅನ್ನು ನಾವೇ ಆರಿಸಿಕೊಳ್ಳಬಹುದೇ? ಆಗದಿದ್ದರೆ, ಫೋನ್ ಲೈನಿನ ಬದಲು ವೈಫೈ ಬಳಸುವ ಇಎಸ್‌ಪಿ8266 ಮೋಡೆಮ್ಮನ್ನು, ವೋಲ್ಟೇಜ್ ಹೊಂದಿಸುವ ಮ್ಯಾಕ್ಸ್3232 ಚಿಪ್ ಮೂಲಕ ಇದೇ ಪೋರ್ಟ್‌ಗೆ ಜೋಡಿಸಿ ಯಾರಾದರೂ ಗೆದ್ದಿದ್ದೀರಾ?